ನಾನು ಹೊಡೆದುಹಾಕಿದ ಹೆಸರು

ಮುಂಬೈಯ ಜೋಗೇಶ್ವರಿಯಲ್ಲಿ ನಮ್ಮ ಕನ್ನಡ ಸಭೆ ಸೇರುವ ಹಾಲ್ ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ನಮ್ಮದು. ಹನ್ನೊಂದಕ್ಕೆ ತಮಿಳು ಸಭೆಯವರು ಬಂದು ಮೆಟ್ಟಿಲ ಬಳಿ ನಿಂತಿರುತ್ತಾರೆ. ಹಾಗಾಗಿ ಪಾಸ್ಟರ್ ಆದಾಗಿನಿಂದ ನಾನು ಬೈಬಲಿನೊಳಗೆ ಚೀಟಿ ಇಟ್ಟುಕೊಂಡೇ ಆರಾಧನೆ ನಡೆಸುತ್ತೇನೆ: ಯಾವ ಕೀರ್ತನೆ, ಯಾರು ವಾಕ್ಯ ಓದುವುದು, ಪ್ರಸಂಗಕ್ಕೆ ಎಷ್ಟು ನಿಮಿಷ, ಕೊನೆಗೆ ಯಾರ ಯಾರ ಹೆಸರು ಹೇಳಿ ಪ್ರಾರ್ಥಿಸಬೇಕು. ಕಾಲೇಜಿನಲ್ಲಿ ಪರೀಕ್ಷೆಗೆ ಓದುವಾಗ ಹತ್ತಿದ ಚಟ.

ಹೆಸರುಗಳು ಹೆಚ್ಚುತ್ತಲೇ ಇದ್ದವು. ಒಂದು ಭಾನುವಾರ ಲೋಕಲ್ ರೈಲಿನಲ್ಲಿ ಕೂತು ಕೆಲವನ್ನು ಹೊಡೆದುಹಾಕಿದೆ. ಮಂಡಿನೋವಿನ ಅಜ್ಜಿಯದೂ ಅದರಲ್ಲಿತ್ತು. ಮಂಡಿನೋವು ಹೇಗೂ ಹೋಗುವಂಥದ್ದಲ್ಲ ಎಂದುಕೊಂಡೆ.

ಕಲಬುರಗಿ ಕಡೆಯ ಆ ಅಜ್ಜಿಗೆ ಕಿವಿ ಮಂದ. ಪ್ರಾರ್ಥನೆ ಶುರುವಾದರೆ ಹಿಂದಿನ ಕಂಬದ ಮರೆಯಲ್ಲಿ ಆ ಮಂಡಿಯನ್ನೇ ಊರಿ, ಸೆರಗನ್ನು ಮುಖದ ಮೇಲೆಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಅವರ ಹೆಸರು ಬಂದಾಗ ಪಕ್ಕದವರು ಬೆನ್ನು ತಟ್ಟಬೇಕು. ಆಗಲೇ ಆಮೆನ್ ಅಂದು ಏಳುವುದು.

ಪಟ್ಟಿ ಮುಗಿಯುವಷ್ಟರಲ್ಲಿ ಕೆಳಗಿನ ರಬ್ಬರ್ ಕಾರ್ಖಾನೆಯಿಂದ ಕಪ್ಪು ಹೊಗೆ ಮೇಲೆ ಬಂತು. ಕರೆಂಟ್ ಹೋಯಿತು. ಎಲ್ಲರೂ ಮೆಟ್ಟಿಲಿಗೆ ನುಗ್ಗಿದರು. ಕೊನೆಗೆ ಇಳಿದವನು ನಾನು. ತಿರುಗಿ ನೋಡಿದಾಗ ಕುರ್ಚಿಗಳು ಖಾಲಿ ಇದ್ದವು. ಕಂಬದ ಹಿಂದೆ ನೋಡಲಿಲ್ಲ.

ರಸ್ತೆಯಲ್ಲಿ ಚೀಟಿ ತೆಗೆದು ಹೆಸರು ಕೂಗಿದೆ. ಅದು ಪ್ರಾರ್ಥನೆಯ ಪಟ್ಟಿ, ಹಾಜರಿಯದಲ್ಲ. ಆದರೆ ಕೈಯಲ್ಲಿದ್ದದ್ದು ಅದೊಂದೇ. ಎಲ್ಲರೂ ಓಗೊಟ್ಟರು.

"ಎಲ್ರೂ ಇದ್ದೀವಿ, ದೇವರಿಗೆ ಸ್ತೋತ್ರ," ಎಂದೆ.

ಮಗುವನ್ನೆತ್ತಿಕೊಂಡಿದ್ದ ಒಬ್ಬ ಹೆಂಗಸು ಕಿರುಚಿದಳು. ಪ್ರತಿವಾರ ಅಜ್ಜಿಯ ಬೆನ್ನು ತಟ್ಟುವವಳು ಅವಳೇ. "ಪಾಸ್ಟರ್, ಅಜ್ಜಿ! ನೀವು ಹೆಸರು ಹೇಳ್ಲೇ ಇಲ್ಲ, ನಾನು ತಟ್ಲೇ ಇಲ್ಲ!"

ಓಡಿದೆ. ತಮಿಳು ಸಭೆಯ ಪಾಸ್ಟರ್ ಮೊಬೈಲ್ ಟಾರ್ಚ್ ಹಿಡಿದು ಬೆನ್ನಿಗೇ ಬಂದರು. ಅಜ್ಜಿ ಮಂಡಿಯೂರಿಕೊಂಡೇ ಕೆಮ್ಮುತ್ತಿದ್ದರು. ಈ ಗಲ್ಲಿಯಲ್ಲಿ ರಬ್ಬರ್ ವಾಸನೆ ದಿನದ್ದೇ, ಬೆಂಕಿಯೆಂದು ಅವರಿಗೆ ಹೊಳೆದಿರಲಿಲ್ಲ. ನಾನು ತೋಳು ಹಿಡಿದೆಳೆದರೆ ಕೊಸರಿಕೊಂಡರು.

"ತಡೀರಿ ಅಯ್ಯನವರ, ನನ್ನ ಹೆಸರ ಇನ್ನಾ ಬಂದಿಲ್ಲ!"

ಇಬ್ಬರೂ ಸೇರಿ ಅವರನ್ನು ಹೊತ್ತು ತಂದೆವು. ಅಜ್ಜಿ ಬದುಕಿದ್ದಾರೆ. ನಾನು ಮಾತ್ರ ಇವತ್ತಿಗೂ ಆ ಮೆಟ್ಟಿಲು ಹತ್ತುತ್ತಲೇ ಇದ್ದೇನೆ, ಸ್ನಾನ ಮಾಡುವಾಗ, ಊಟಕ್ಕೆ ಕೂತಾಗ.

ಆಮೇಲೆ ಪ್ರಸಂಗವನ್ನು ಅರ್ಧಕ್ಕಿಳಿಸಿ, ಹೊಡೆದುಹಾಕಿದ ಹೆಸರುಗಳನ್ನೆಲ್ಲ ಮತ್ತೆ ಬರೆದೆ. ಮಾಟುಂಗದಲ್ಲಿ ಹೋಟೆಲ್ ನಡೆಸುವ, ಮಂಗಳೂರು ಕಡೆಯ ಹಿರಿಯರೊಬ್ಬರು ಕಮಿಟಿಯಲ್ಲಿ ತಗಾದೆ ತೆಗೆದರು.

"ಇಷ್ಟು ಹೆಸರು ಓದಿದ್ರೆ ಟೈಮ್ ಸಾಕಾಗ್ಲಿಕ್ಕಿಲ್ಲ ಮಾರಾಯ್ರೆ. ದೇವರಿಗೆ ಗೊತ್ತುಂಟಲ್ಲ?"

"ದೇವರಿಗೆ ಗೊತ್ತಿತ್ತು. ಗೊತ್ತಿಲ್ದೆ ಕೆಳಗಿಳಿದು ಬಂದವನು ನಾನು," ಎಂದೆ. "ಬೇಕಾದ್ರೆ ಪಾಸ್ಟರನ್ನ ಬದಲಾಯಿಸಿ. ಪಟ್ಟಿ ಬದಲಾಗಲ್ಲ."

ಹನ್ನೊಂದಾದರೂ ಈಗ ನಿಲ್ಲಿಸುವುದಿಲ್ಲ. ತಮಿಳು ಸಭೆಯವರು ಕಾಯುತ್ತಾರೆ. ಯಾಕೆಂದು ಅವರ ಪಾಸ್ಟರಿಗೆ ಗೊತ್ತು. ನಾನು ಪ್ರಾರ್ಥನೆಯಲ್ಲಿ ಕಣ್ಣು ಬಿಡುತ್ತೇನೆಂದು ಆಡಿಕೊಳ್ಳುವವರೂ ಇದ್ದಾರೆ. ಆಡಿಕೊಳ್ಳಲಿ. ಅಜ್ಜಿಯ ಹೆಸರು ಓದಿ ಕಂಬದ ಕಡೆ ನೋಡುತ್ತೇನೆ. ಅವರು ಎದ್ದು ನಿಲ್ಲುವವರೆಗೆ ಮುಂದಿನ ಹೆಸರು ಹೇಳುವುದಿಲ್ಲ.