ಒಂದೂ ಗೆರೆ ಮೂಡದ ಕಿಟ್

"ಈ ಕಿಟ್ ಕೆಟ್ಟೈತ್ರಿ ಸರ್, ರಿಪೋರ್ಟಿಗೆ ನಾ ಸಹಿ ಹಾಕಂಗಿಲ್ಲ" ಎಂದಳು ನನ್ನ ಹೆಂಡತಿ. ರಾಯದುರ್ಗದ ಆಸ್ಪತ್ರೆಯೊಂದರಲ್ಲಿ ಆಕೆ ಲ್ಯಾಬ್ ಟೆಕ್ನಿಷಿಯನ್. ದಾನಿಗಳ ರಕ್ತದ ಎಚ್‌ಐವಿ ತಪಾಸಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಬಂದ ಅಧಿಕಾರಿ, ಬರೀ ನಂಬರ್ ಬರೆದ ಸ್ಯಾಂಪಲ್‌ಗಳನ್ನು ಕೊಟ್ಟಿದ್ದರು. ಬುತ್ತಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತೆ.

"ಗೆರೆನೇ ಬಂದಿಲ್ಲಲ್ಲಮ್ಮಾ, ರೋಗ ಇಲ್ಲ ಅಂತ ಬರಿ" ಎಂದರು ಅಧಿಕಾರಿ.

"ಒಂದು ಗೆರೆ ಬಂದ್ರ ರೋಗ ಇಲ್ಲಂತ್ರಿ. ಒಂದೂ ಬರಲಿಲ್ಲಂದ್ರ ಕಿಟ್ಟೇ ಸರಿ ಇಲ್ಲ."

ಹೊಸ ಕಿಟ್ ತೆಗೆದು ಅದೇ ರಕ್ತವನ್ನು ಮತ್ತೆ ಪರೀಕ್ಷಿಸಿದಳು. ಎರಡು ಗೆರೆ ಮೂಡಿದವು, ಎಂದರೆ ಸೋಂಕಿತ ರಕ್ತ. ಕೆಟ್ಟ ಕಿಟ್ಟನ್ನು ತಾವೇ ಬೇಕೆಂದು ಇಟ್ಟದ್ದಾಗಿ ಅಧಿಕಾರಿ ನಕ್ಕು ಒಪ್ಪಿಕೊಂಡರು.

ನಾನು ಜೀನ್ಸ್ ಹೊಲಿಯುವವನು. ಕೆಲಸಕ್ಕೆ ಮರಳಿದವನೇ, ಯಾರ ಕಣ್ಣಿಗೂ ಬೀಳದ ಒಂದು ತಪ್ಪು ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದೆ. ಅವಳ ಗಂಡನಲ್ಲವೇ ನಾನು!