ಸೊರಗದ ಬದನೆಯ ಸುರಯ್ಯಾ

ಸುರಯ್ಯಾಗೆ ತೋಟದ ಕೆಲಸ ಸಿಕ್ಕಿದ್ದು ಒಂದು ಹರಿದ ಇಳಕಲ್ ಸೀರೆಯಿಂದ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವಳೂ ಅವಳ ತಾಯಿ ಜಹನಾರಾಳೂ ಜರಿ ಕಸೂತಿ ಮಾಡಿ ಬದುಕುತ್ತಿದ್ದರು. 1969ರಲ್ಲಿ ಒಂದು ದಿನ ಧಾರವಾಡ ಕಡೆಯ ಶಿವಬಸಮ್ಮ ಎಂಬಾಕೆ ಸೀರೆಯ ಸೆರಗು ಸರಿಮಾಡಿಸಲು ಗಂಡನೊಡನೆ ಬಂದರು. ಸುರಯ್ಯಾ ಚಿಮಟ ಹಿಡಿದು, ಪಕ್ಕದ ಎಳೆ ಅಲುಗದಂತೆ ಒಂದೊಂದೇ ಹರಿದ ಎಳೆಯನ್ನು ಹೊರಗೆಳೆಯುವುದನ್ನು ಶಿವಬಸಮ್ಮನ ಗಂಡ ಕಣ್ಣು ಕೀಲಿಸಿ ನೋಡಿದರು.

ಅವರು ಪಂಚಾಕ್ಷರಯ್ಯ. ಕೆ.ಆರ್. ಪುರದ ದಾರಿಯಲ್ಲಿದ್ದ ಒಂದು ಸಣ್ಣ ಬೀಜದ ತೋಟದಲ್ಲಿ ತರಕಾರಿ ತಳಿಗಳನ್ನು ಬೆಸೆದು ಹೊಸ ತಳಿ ಮಾಡುವುದು ಅವರ ಕೆಲಸ.

"ಇದ ಕೈ ನನಗ ಬೇಕಾಗೇದವಾ," ಎಂದರು. "ಸೀರಿಗಲ್ಲ, ಹೂವಿಗೆ. ಬರ್ತೀಯೇನು?"

ಜಹನಾರಾ ಕೂಡಲೇ ಒಪ್ಪಲಿಲ್ಲ. ಮಾರನೇ ವಾರ ತಾನೇ ಬಸ್ಸು ಹತ್ತಿ ಹೋಗಿ ತೋಟ, ಬಾವಿ, ಅಲ್ಲಿ ದುಡಿಯುವ ಹೆಂಗಸರು ಎಲ್ಲವನ್ನೂ ನೋಡಿಕೊಂಡು ಬಂದಳು. "ನೆರಳಿದೆ, ಒಳ್ಳೆ ಹೆಂಗಸ್ರಿದ್ದಾರೆ, ಹೋಗು," ಎಂದಳು. ಅಷ್ಟೇ.

ಆ ವರ್ಷಗಳ ಬೆಳಗುಗಳನ್ನು ಸುರಯ್ಯಾ ಕೊನೆವರೆಗೂ ಮರೆಯಲಿಲ್ಲ. ಬಸ್ಸು ಹಲಸೂರು ಕೆರೆ ದಾಟಿದರೆ ಗಾಳಿಯೇ ಬೇರೆ. ಆಚೆಗೆ ರಾಗಿ ಹೊಲ, ಹುಣಸೆ ಮರ, ಹೂಕೋಸಿನ ಮಡಿಗಳು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಅವತ್ತಿನ ದಿನವೇ ಚೆನ್ನ.

ಕೆಲಸ ಕಲಿಸಿದ್ದು ಪಂಚಾಕ್ಷರಯ್ಯನವರೇ. ನಾಳೆ ಅರಳುವ ಬದನೆ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಬಿಡಿಸಬೇಕು. ಒಳಗಿನ ಹಳದಿ ಕೇಸರಗಳು ಧೂಳು ಉದುರಿಸುವ ಮೊದಲೇ ಚಿಮಟದಿಂದ ಕಿತ್ತು, ನಡುವಿನ ಹಸಿರು ಕಡ್ಡಿಯನ್ನು ಮಾತ್ರ ಉಳಿಸಿ ಕಾಗದದ ಟೋಪಿ ಹಾಕಬೇಕು. ಮಾರನೇ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಆ ಕಡ್ಡಿಯ ತುದಿಗೆ ಸವರಿ ಕೆಂಪು ದಾರ ಕಟ್ಟಬೇಕು. ಉಳಿದವರು ಐವತ್ತು ಹೂ ಮುಗಿಸುವ ಹೊತ್ತಿಗೆ ಸುರಯ್ಯಾ ನೂರು ಮುಗಿಸಿರುತ್ತಿದ್ದಳು.

ಆಗ ಆ ಸುತ್ತಮುತ್ತಲಿನ ಬದನೆಗೆಲ್ಲ ಸೊರಗು ರೋಗ. ಕಾಯಿ ಹಿಡಿಯುವ ಹೊತ್ತಿಗೆ ಹಸಿರು ಗಿಡ ಬಿಸಿನೀರು ಹುಯ್ದ ಹಾಗೆ ಒಂದೆರಡು ದಿನದಲ್ಲಿ ಜೋತುಬೀಳುತ್ತಿತ್ತು. ರೋಗ ಇರುವುದು ಮಣ್ಣಿನಲ್ಲೇ, ಔಷಧ ಹೊಡೆದು ಪ್ರಯೋಜನವಿಲ್ಲ. ಕೆರೆ ಏರಿಯ ಮೇಲೆ ತಾನಾಗಿ ಬೆಳೆದ ಕಾಡುಬದನೆ ಮಾತ್ರ ಅದೇ ಮಣ್ಣಿನಲ್ಲಿ ಕಲ್ಲಿನಂತೆ ನಿಂತಿತ್ತು. ಮೈತುಂಬ ಮುಳ್ಳು, ಗೋಲಿಯಷ್ಟು ಕಾಯಿ, ಬಾಯಿಗಿಟ್ಟರೆ ವಿಷದಂಥ ಕಹಿ. ಅದರ ಗಟ್ಟಿತನವನ್ನು ಊಟದ ಬದನೆಗೆ ತರಬೇಕೆಂಬುದು ಪಂಚಾಕ್ಷರಯ್ಯನವರ ಹಟ.

ಎರಡನ್ನೂ ಬೆಸೆದು ಹುಟ್ಟಿದ ಮೊದಲ ಗಿಡಗಳನ್ನು ನೋಡಿ ಸುರಯ್ಯಾಳ ಮುಖ ಇಳಿದುಹೋಯಿತು. ಅವೂ ಮುಳ್ಳು, ಅವೂ ಕಹಿ.

"ಇದಕ್ಕಾ ಸಾರ್ ಇಷ್ಟು ಕಷ್ಟಪಟ್ಟಿದ್ದು?"

"ಇನ್ನ ಇದನ್ನ ಮನಿ ಕಡೆ ಕರಕೊಂಡು ಬರಬೇಕವಾ. ಪ್ರತಿ ಸಲ ಊರ ಬದನಿ ಜೋಡಿನ ಬೆಸೀಬೇಕು. ಮುಳ್ಳು, ಕಹಿ ಎಲ್ಲಾ ಸಾವಕಾಶ ಕಡಿಮಿ ಆಗ್ತಾವ. ಗಟ್ಟಿತನ ಹೋಗದಂಗ ನೋಡಿಕೊಳ್ಳೋದೇ ನಮ್ಮ ಕೆಲಸ."

ಅದಕ್ಕೆಂದೇ ಸೊರಗು ಹಿಡಿದ ಮಣ್ಣಿನ ಒಂದು ರೋಗದ ಮಡಿ ಇತ್ತು. ಪ್ರತಿ ತಲೆಮಾರಿನ ಸಸಿಗಳನ್ನೂ ಅಲ್ಲಿ ನೆಡುತ್ತಿದ್ದರು. ಹೆಚ್ಚಿನವು ಸಾಯುತ್ತಿದ್ದವು, ಬದುಕಿದವುಗಳ ಹೂವನ್ನಷ್ಟೇ ಮತ್ತೆ ಊರ ಬದನೆಯೊಡನೆ ಬೆಸೆಯುತ್ತಿದ್ದರು. ಕಾಯಿ ಬೇಯಿಸಿ ಕಹಿ ನೋಡುವ ಕೆಲಸವೂ ಸುರಯ್ಯಾಳದೇ. ವರ್ಷ ವರ್ಷಕ್ಕೂ ಅವಳ ನಾಲಿಗೆಗೆ ಕಹಿ ಕಡಿಮೆಯಾಗುತ್ತ ಬಂತು.

1973ರಲ್ಲಿ ನಾಲ್ಕನೇ ಸಲ ಸಸಿ ನೆಟ್ಟಾಗ ರೋಗದ ಮಡಿಯಲ್ಲಿ ಉಳಿದದ್ದು ನಾಲ್ಕೇ ಗಿಡ. ಮುಳ್ಳು ಹೆಚ್ಚುಕಡಿಮೆ ಹೋಗಿತ್ತು, ಕಾಯಿ ದುಂಡಗೆ ಹಸಿರಾಗಿತ್ತು. ಅವು ಹೂಬಿಟ್ಟ ವಾರವೇ ಜಹನಾರಾಗೆ ದಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸುರಯ್ಯಾ ರಜೆ ಕೇಳಲಿಲ್ಲ. ಮಧ್ಯಾಹ್ನದವರೆಗೆ ನಿಲ್ಲಲಾಗದೆ, ಬೆಳಿಗ್ಗೆ ಬಂದು ಆಗಲೇ ಅರಳತೊಡಗಿದ ಮೊಗ್ಗುಗಳನ್ನೇ ಗಡಿಬಿಡಿಯಲ್ಲಿ ಬಿಡಿಸಿ, ಮಾರನೇ ದಿನ ಪರಾಗ ಸವರಿ, ದಾರ ಕಟ್ಟಿ ಓಡುತ್ತಿದ್ದಳು. ವಾರದ ಕೊನೆಗೆ ಮೂವತ್ತೆಂಟು ಕಾಯಿ ಕಚ್ಚಿದವು. ತಾಯಿಯೂ ಸುಧಾರಿಸಿಕೊಂಡಳು. ಎಲ್ಲರಿಗೂ ಸಂತೋಷ.

ಸುರಯ್ಯಾಗೆ ಮಾತ್ರ ಊಟ ರುಚಿಸಲಿಲ್ಲ. ಆ ವಾರ ಆಸ್ಪತ್ರೆಯಲ್ಲಿ ಅಮ್ಮನಿಗೆ ಗಂಜಿ ಕುಡಿಸುವಾಗ ತನ್ನ ಬೆರಳ ತುದಿ ಹಳದಿಯಾಗಿದ್ದನ್ನು ಅವಳು ಕಂಡಿದ್ದಳು. ಎಂದರೆ, ಅವಳು ಬಿಡಿಸುವ ಹೊತ್ತಿಗೆ ಕೆಲವು ಮೊಗ್ಗುಗಳಲ್ಲಿ ಪರಾಗ ಆಗಲೇ ಉದುರಿತ್ತು. ಆ ಕಾಯಿಗಳು ಬೆಸುಗೆಯ ಕಾಯಿಗಳಲ್ಲ, ಗಿಡ ತನಗೆ ತಾನೇ ಕಟ್ಟಿಕೊಂಡವು. ಯಾವುದು ಯಾವುದೆಂದು ಅವಳಿಗೂ ಗೊತ್ತಿಲ್ಲ. ಹೊರಗೆ ನೋಡಿದರೆ ಎಲ್ಲವೂ ಒಂದೇ ಥರ.

ಮೂರು ದಿನ ಸುಮ್ಮನಿದ್ದಳು. ನಾಲ್ಕನೇ ದಿನ ಪಂಚಾಕ್ಷರಯ್ಯ ಗಿಡದ ಮುಂದೆ ಕುಂತು ಚೀಟಿ ಬರೆಯುತ್ತಿದ್ದಾಗ ಹೋಗಿ ನಿಂತಳು.

"ಸಾರ್, ಈ ಕಾಯಿ ನಂಬಬೇಡಿ. ನಾನು ಕೆಡಿಸಿದ್ದೀನಿ."

ಎಲ್ಲವನ್ನೂ ಹೇಳಿದಳು. ಅವರು ಚೀಟಿ ಕೆಳಗಿಟ್ಟರು. ತೋಟದ ಮಾಲೀಕರು ಹೊಸ ಬೀಜ ಕೊಡುವುದಾಗಿ ಆಗಲೇ ರೈತರಿಗೆ ಮಾತು ಕೊಟ್ಟಿದ್ದರು. ಒಂದು ಬೆಳೆ ಹೋದರೆ ಐದಾರು ತಿಂಗಳು ಹಿಂದೆ ಬೀಳುತ್ತಾರೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅವ್ವ ಹೆಂಗ ಇದ್ದಾಳ?" ಎಂದರು ಪಂಚಾಕ್ಷರಯ್ಯ.

"ಮನೆಗೆ ಬಂದಿದ್ದಾರೆ ಸಾರ್."

"ರಜಾ ಕೇಳಬೇಕಿತ್ತು ನೀ. ನಾನೂ ಕೇಳಬೇಕಿತ್ತು ನಿನ್ನ." ಕತ್ತರಿ ತಂದು ಮೂವತ್ತೆಂಟು ಕಾಯಿಗಳನ್ನೂ ಅವರೇ ಕತ್ತರಿಸಿ ಬುಟ್ಟಿಗೆ ಹಾಕಿದರು.

ಬರಿದಾದ ಗಿಡಗಳನ್ನು ನೋಡುತ್ತ ಸುರಯ್ಯಾಗೆ ಒಂದು ಯೋಚನೆ ಬಂತು. ಅವಳ ಮನೆಯ ಮಾಳಿಗೆಯ ಡಬ್ಬದಲ್ಲಿದ್ದ ಮೆಣಸಿನ ಗಿಡ ಮುದಿಯಾದಾಗ ಜಹನಾರಾ ಅದನ್ನು ಬುಡದ ಹತ್ತಿರ ಕತ್ತರಿಸಿ ಮತ್ತೆ ಚಿಗುರಿಸುತ್ತಿದ್ದಳು.

"ಸಾರ್, ಇವನ್ನ ಬುಡದಲ್ಲಿ ಕತ್ತರಿಸಿ ಬಿಡೋಣ್ವಾ? ಹೊಸ ಚಿಗುರಲ್ಲಿ ಹೂ ಬರುತ್ತಲ್ಲ."

ಪಂಚಾಕ್ಷರಯ್ಯ ತಲೆಯೆತ್ತಿ ಅವಳ ಮುಖ ನೋಡಿದರು. "ನಾಲ್ಕರಾಗ ಎರಡು ಕತ್ತರಿಸು. ಎರಡು ಇರಲಿ," ಎಂದರು.

ಎರಡೂ ಚಿಗುರಿದವು. ಉಳಿದೆರಡನ್ನೂ ಕತ್ತರಿಸಿದರು. ಎರಡು ತಿಂಗಳಲ್ಲಿ ಹೊಸ ಕೊಂಬೆಗಳ ತುಂಬ ನೇರಳೆ ಹೂ. ಈ ಸಲ ಸುರಯ್ಯಾ ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಹೂ ಮುಟ್ಟಲಿಲ್ಲ. ಅನುಮಾನ ಬಂದ ಮೊಗ್ಗನ್ನು ಚಿವುಟಿ ಎಸೆದಳು.

1975ರಲ್ಲಿ ಆ ಬದನೆ ತೋಟದಿಂದ ಹೊರಬಿತ್ತು, ಹೆಸರಿಲ್ಲದೆ, ಬರೀ ಒಂದು ನಂಬರಿನಲ್ಲಿ. ರೋಗದ ಮಡಿಯಲ್ಲಿ ಹತ್ತು ನೆಟ್ಟರೆ ಎಂಟು ನಿಲ್ಲುತ್ತಿದ್ದವು. ಮೊದಲ ಬುಟ್ಟಿಯನ್ನು ಶಿವಬಸಮ್ಮ ಎಣ್ಣೆಗಾಯಿ ಮಾಡಿ, ಜೋಳದ ರೊಟ್ಟಿಯೊಡನೆ ತೋಟಕ್ಕೆ ತಂದರು. ಜಹನಾರಾಳನ್ನೂ ಕರೆಸಿದ್ದರು. ಅವಳು ಎರಡನೇ ಸಲ ಬಡಿಸಿಕೊಂಡು, "ಖಾರ ಜಾಸ್ತಿ, ಬದನೆಕಾಯಿ ಚೆನ್ನಾಗಿದೆ," ಎಂದಳು. ಹೆಂಗಸರೆಲ್ಲ ನಕ್ಕರು. ಸುರಯ್ಯಾ ಅಗಿಯುತ್ತ ಕಹಿಗಾಗಿ ಹುಡುಕಿದಳು. ಇರಲಿಲ್ಲ.

1978ರಲ್ಲಿ ಮಾಲೀಕರು ಜಮೀನು ಮಾರಿ ಬೀಜದ ಕೆಲಸವನ್ನು ದೊಡ್ಡಬಳ್ಳಾಪುರದ ಕಡೆಗೆ ಸಾಗಿಸಿದರು. ಅಷ್ಟು ದೂರ ಹೋಗಲು ಸುರಯ್ಯಾಗೆ ಆಗಲಿಲ್ಲ, ತಾಯಿಗೆ ವಯಸ್ಸಾಗಿತ್ತು. ಮತ್ತೆ ಕಸೂತಿಗೆ ಕುಳಿತಳು. ಮರುವರ್ಷ ಯಾಕೋ ತಡೆಯಲಾಗದೆ ಒಂದು ಭಾನುವಾರ ಹಳೆಯ ತೋಟದ ಕಡೆಯ ಬಸ್ಸು ಹತ್ತಿದಳು. ಬಾವಿ ಮುಚ್ಚಿದ್ದರು. ಮಡಿಗಳಿದ್ದ ಕಡೆ ಸೈಟಿನ ಕಲ್ಲುಗಳು, ಒಂದು ಅರ್ಧ ಎದ್ದ ಗೋಡೆ. ಗಾರೆ ಕಲಸುತ್ತಿದ್ದ ಹೆಂಗಸು, "ಏನಮ್ಮಾ, ಯಾರ ಮನೆ ಬೇಕು?" ಎಂದು ಕೇಳಿದಳು.

"ಯಾರ್ದೂ ಇಲ್ಲಮ್ಮ. ಇಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ," ಎಂದಳು ಸುರಯ್ಯಾ. ಆ ಹೆಂಗಸು ಕೊಟ್ಟ ನೀರು ಕುಡಿದು, ನೆರಳಿಗೆ ನಿಂತು, ಮುಂದಿನ ಬಸ್ಸಿಗೆ ಕಾದಳು.