ಎಡಗಡೆ ಸೀಟಿನ ಮೆಕ್ಯಾನಿಕ್

ಅರಸೀಕೆರೆಯಲ್ಲಿ ನನ್ನ ಟೈರ್ ಅಂಗಡಿಯ ಪಕ್ಕವೇ ಆ ಮೆಕ್ಯಾನಿಕ್‌ನ ಗ್ಯಾರೇಜ್ ಇತ್ತು. ಮಾತಾಡುವಾಗ ಆತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಣ್ಣು ಸದಾ ರಸ್ತೆಯ ಮೇಲೆ. ವರ್ಷಕ್ಕೊಮ್ಮೆ ಬಾಗಿಲೆಳೆದುಕೊಂಡು ರಾಜಸ್ಥಾನದ ಮರಳುಗಾಡಿನ ಮೋಟಾರ್ ರ‍್ಯಾಲಿಗೆ ಹೊರಟುಬಿಡುತ್ತಿದ್ದ. ಅಲ್ಲಿ ಜೀಪು ಓಡಿಸುವವರು ಹುಲಿಕೆರೆಯ ತೆಂಗಿನ ತೋಟದ ಯಜಮಾನರು. ಈತ ಎಡಗಡೆ ಕೂತು ದಾರಿ ಹೇಳಬೇಕು, ಕೆಟ್ಟರೆ ರಿಪೇರಿ ಮಾಡಬೇಕು. ಮರಳು ದಿಬ್ಬದಾಚೆ ಏನಿದೆಯೆಂದು ಓಡಿಸುವವರಿಗೆ ಕಾಣುವುದಿಲ್ಲವಂತೆ. ದಾರಿಯ ಪಟ್ಟಿ ನೋಡಿ ಹೇಳುವ ಈತನ ಬಾಯೇ ಅವರಿಗೆ ಕಣ್ಣು. ದಿನದ ಓಟ ಮುಗಿದಾಗ ಡ್ಯಾಶ್‌ಬೋರ್ಡ್ ತಟ್ಟಿ, "ಬಂತು, ಆಫ್ ಮಾಡಣ್ಣ" ಅನ್ನುತ್ತಿದ್ದನಂತೆ. ಊರಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತರೂ ಅದೇ ಮಾತು. ತಟ್ಟುವುದು ಮಾತ್ರ ನನ್ನ ಬೆನ್ನನ್ನು.

ಹೋದ ಬೇಸಿಗೆಯಲ್ಲಿ ಯಜಮಾನರು ಹಾಸನದ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿ ಈತನ ಜೊತೆ ನಾನೂ ಹೋದೆ. ಅವರನ್ನು ಊರಿಗೆ ತರುವ ಆಂಬುಲೆನ್ಸಿನಲ್ಲಿ ನಾನು ಹಿಂದೆ, ಹೆಣದ ಪಕ್ಕ ಕೂತಿದ್ದೆ. ಈತ ಮುಂದೆ, ಡ್ರೈವರ್‌ನ ಎಡಕ್ಕೆ ಹತ್ತಿದ.

"ಮುಂದೆ ಹಂಪ್ ಐತೆ, ನಿಧಾನ. ಬಲಕ್ಕೆ ಗುಂಡಿ ಐತೆ, ಎಡಕ್ಕೆ ಎಳ್ಕೊ."

ಹಳೇಬೀಡು ಬಂದರೂ ಬಾಯಿ ನಿಲ್ಲಲಿಲ್ಲ. ಡ್ರೈವರ್ ರೇಗಿದ. "ನಂಗೂ ಕಣ್ಣವೆ ಕಣ್ರೀ. ರೋಡ್ ಕಾಣ್ತದೆ."

"ಹಿಂದೆ ಮಲಗಿರೋರಿಗೆ ಕಾಣಾಕಿಲ್ಲ ಕಣಪ್ಪ," ಎಂದ ಈತ.

ಮುಂದಿನ ಹಂಪಿಗೆ ಡ್ರೈವರ್ ತಾನೇ ನಿಧಾನ ಮಾಡಿದ.

ಹುಲಿಕೆರೆಯಲ್ಲಿ ಮನೆಯ ಮುಂದೆ ಗಾಡಿ ನಿಂತಿತು. ಅಳುತ್ತ ಜನ ಓಡಿ ಬಂದರು. ಈತನ ಕೈ ಡ್ಯಾಶ್‌ಬೋರ್ಡಿನ ಮೇಲಿತ್ತು, ತಟ್ಟಲಿಲ್ಲ.

"ಬಂತಲ್ಲ ಸಾರ್, ಆಫ್ ಮಾಡ್ಬೋದಾ?" ಡ್ರೈವರ್ ಮೆಲ್ಲಗೆ ಕೇಳಿದ.

ಈತ ರಸ್ತೆಯನ್ನೇ ನೋಡುತ್ತಿದ್ದ. ಮನೆಯಿಂದಾಚೆಗೆ ಹೋಗುವ ರಸ್ತೆ.

"ಇನ್ನೊಸಿ ಹೊತ್ತು ಓಡ್ಲಿ," ಎಂದ.